ಅನುಭವ ಇಲ್ಲ ಎಂದವಳು

“ಅನುಭವ ಎಂತದೂ ಇಲ್ಲ ಅಕ್ಕ, ‘ಇಲ್ಲ’ ಅಂತಲೇ ಹಾಕಿ” ಎಂದಳು ಹುಡುಗಿ. ಕಾಪುವಿನ ನನ್ನ ಜೆರಾಕ್ಸ್ ಅಂಗಡಿಗೆ ಎರ್ಮಾಳಿನಿಂದ ತಂದೆಯೊಡನೆ ಬಂದಿದ್ದಳು. ಮಣಿಪಾಲದ ಕ್ಲಿನಿಕ್ ಒಂದರಲ್ಲಿ ಸಹಾಯಕಿಯ ಕೆಲಸಕ್ಕೆ ರೆಸ್ಯೂಮ್ ಬೇಕಿತ್ತು. ಅವಳ ಮೊದಲ ಕೆಲಸ.

ಡಿಗ್ರಿ ಮುಗಿದು ಎರಡು ವರ್ಷವಾಗಿತ್ತು. ಇಷ್ಟು ದಿನ ಏನು ಮಾಡಿದ್ದೀಯೆಂದು ಕ್ಲಿನಿಕ್ಕಿನವರು ಕೇಳಿಯೇ ಕೇಳುತ್ತಾರೆ ಎಂದೆ. “ಸುಮ್ಮನೆ ಮನೆಯಲ್ಲಿದ್ದೆ” ಎಂದು ತಲೆ ತಗ್ಗಿಸಿದಳು.

ಸ್ಟೂಲಿನ ಮೇಲಿದ್ದ ತಂದೆ ಎಡಗೈಯಿಂದ ಮೇಜು ತಟ್ಟಿದರು. ಬಲಗೈ ಮಡಿಲಲ್ಲಿ ಅಲುಗದೆ ಬಿದ್ದಿತ್ತು. “ಬಂಗುಡೆ” ಎಂದರು ನಿಧಾನವಾಗಿ. “ಬೂತಾಯಿ. ಅಂಜಲ್.” ಮೀನಿನ ಹೆಸರು ಇಲ್ಲೇಕೆಂದು ನನಗೆ ತಿಳಿಯಲಿಲ್ಲ.

“ಸ್ಟ್ರೋಕ್ ಆಗಿ ಅಪ್ಪನಿಗೆ ಮಾತು ಹೋಗಿತ್ತು” ಎಂದಳು ಹುಡುಗಿ. “ದೋಣಿಗೆ ಹೋಗ್ತಿದ್ದವರು ಅಲ್ವಾ, ಮೀನು ತೋರಿಸಿ ತೋರಿಸಿ ಹೆಸರು ಹೇಳಿಸಿದೆ. ಅದನ್ನೆಲ್ಲ ಹಾಕ್ಲಿಕ್ಕೆ ಉಂಟಾ ಅಕ್ಕ?”

“ಉಂಟು ಮಾರಾಯ್ತಿ” ಎಂದೆ. ‘ಇಲ್ಲ’ವನ್ನು ಅಳಿಸಿ, ‘ಪಾರ್ಶ್ವವಾಯು ಪೀಡಿತ ತಂದೆಯ ಆರೈಕೆ, ಮಾತಿನ ಅಭ್ಯಾಸ: ಎರಡು ವರ್ಷ’ ಎಂದು ಟೈಪ್ ಮಾಡಿದೆ. ತಂದೆ ಪರದೆಯತ್ತ ಬಾಗಿ ನೋಡುತ್ತಲೇ ಇದ್ದರು.

ಈಗ ಯಾರಾದರೂ ಅನುಭವ ಇಲ್ಲ ಎಂದರೆ ನನ್ನ ಕೈ ತಕ್ಷಣ ಕೀಬೋರ್ಡಿಗೆ ಹೋಗುವುದಿಲ್ಲ. ಜೊತೆಯಲ್ಲಿ ಬಂದವರ ಮುಖವನ್ನು ಒಮ್ಮೆ ನೋಡುತ್ತೇನೆ.