ಹಂದಿ ಎಳೆಯುವ ಮಕ್ಕಳ ಚಿತ್ರ

ವಿರಾಜಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಕುರ್ಚಿ ಹುಡುಕುತ್ತಿದ್ದಾಗ ಆ ಚಿತ್ರ ಕಣ್ಣಿಗೆ ಬಿತ್ತು. ಬರೀ ಕಪ್ಪು ಶಾಯಿಯ ಗೆರೆಗಳು. ಹಳ್ಳಿಯ ಐವರು ಮಕ್ಕಳು ಹಗ್ಗ ಹಿಡಿದು ಹಂದಿಯೊಂದನ್ನು ಎಳೆಯುತ್ತಿದ್ದಾರೆ. ಹಂದಿ ಅಲ್ಲಾಡದೆ ಕೂತುಬಿಟ್ಟಿದೆ. ಒಬ್ಬ ಹುಡುಗ ಜಾರಿ ಬಿದ್ದಿದ್ದಾನೆ.

"ಎಸ್ಟೇಟ್ ಬಂಗಲೆಯಿಂದ ಬಂದದ್ದು. ಯಾರೋ ದೊರೆ ಬರೆದದ್ದಂತೆ," ಎಂದ ಅಂಗಡಿಯವನು. 'ಅಂತೆ' ಎಂದದ್ದು ನನಗೆ ಕೇಳಿಸಲೇ ಇಲ್ಲ. ಕುರ್ಚಿ ಬಿಟ್ಟು ಚಿತ್ರವನ್ನೇ ಕೊಂಡುತಂದು ಹಜಾರದ ಗೋಡೆಗೆ ತೂಗುಹಾಕಿದೆ.

ನಾನು ಸಿದ್ದಾಪುರದ ಕಡೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಬ್ರಿಟಿಷ್ ದೊರೆಯೊಬ್ಬ ನಮ್ಮ ಕೊಡಗಿನ ಮಕ್ಕಳನ್ನು ಎದುರಿಗೆ ನಿಲ್ಲಿಸಿ ಬರೆದದ್ದು ಎಂದು ಮನೆಗೆ ಬಂದವರಿಗೆಲ್ಲ ವಿವರಿಸತೊಡಗಿದೆ. ಹೇಳುತ್ತ ಹೇಳುತ್ತ ಧೈರ್ಯ ಬೆಳೆಯಿತು. ಬಿದ್ದ ಹುಡುಗನ ಮೂಗು ನಮ್ಮ ತಾತನದೇ ಎಂದುಬಿಟ್ಟೆ.

"ನಿಮ್ಮ ತಾತ ಹಾಸನ ಬಿಟ್ಟು ಈ ಕಡೆ ಕಾಲೇ ಇಟ್ಟಿಲ್ವಲ್ರೀ. ಕುಶಾಲನಗರಕ್ಕೆ ಬಂದಿದ್ದು ನಿಮ್ಮಪ್ಪ," ಎಂದಳು ಹೆಂಡತಿ, ನೆಂಟರೆದುರೇ.

"ಹಂದಿ ವ್ಯಾಪಾರಕ್ಕೆ ಬಂದಿರ್ಬಹುದು," ಎಂದೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆತನ.

ಶಾಲೆಯ ವಸ್ತುಪ್ರದರ್ಶನಕ್ಕೂ ಚಿತ್ರ ಒಯ್ದೆ. ಗೆರೆಯ ಓಟ, ಕೊಡಗಿನ ಬಾಲ್ಯ ಎಂದು ಅರ್ಧ ಗಂಟೆ ಕೊರೆದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ಬರುವ ಆರನೇ ಕ್ಲಾಸಿನ ಹುಡುಗಿ ಕೈಯೆತ್ತಿದಳು.

"ಸಾರ್, ಇವ್ರೆಲ್ಲ ಬೂಟ್ ಹಾಕಿದಾರಲ್ಲ?"

"ದೊರೆ ಕೊಡ್ಸಿರ್ತಾರಮ್ಮ."

"ಬೇಲಿ ಹಿಂದೆ ಐಸ್ ಬೊಂಬೆ ನಿಂತಿದೆಯಲ್ಲ ಸಾರ್? ಅದನ್ನೂ ದೊರೆ ತಂದ್ರಾ?"

ನಾನದನ್ನು ಗದ್ದೆಯ ಬೆದರುಬೊಂಬೆ ಎಂದುಕೊಂಡಿದ್ದೆ. ಕನ್ನಡಕ ಏರಿಸಿ ಬಗ್ಗಿ ನೋಡಿದೆ. ಮೂಗಿನ ಜಾಗದಲ್ಲಿ ಕ್ಯಾರೆಟ್ ಇತ್ತು; ಹಿಮದ ಬೊಂಬೆಯೇ. ಹುಡುಗ ಜಾರಿದ್ದು ಹಿಮದಲ್ಲಿ. ನಮ್ಮ ತಾತ ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಬಿದ್ದುಕೊಂಡಿದ್ದರು.

ಮಕ್ಕಳು ಹೋ ಎಂದು ನಕ್ಕರು. ಹೆಡ್‌ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು; ಅವರ ಭುಜ ಕುಲುಕುತ್ತಿತ್ತು. ಬೇರೆ ದಾರಿ ಕಾಣದೆ, "ನಾನು ಸರಿಯಾಗಿ ನೋಡಿರ್ಲಿಲ್ಲ. ನೀನೇ ಹೇಳಮ್ಮ," ಎಂದು ಚಿತ್ರ ತೋರಿಸುವ ಕೋಲನ್ನು ಅವಳ ಕೈಗೆ ಕೊಟ್ಟೆ. ಅವಳು ಒಂದೊಂದೇ ತೋರಿಸುತ್ತ ಹೋದಳು: ಒಬ್ಬನ ಜೇಬಿನಿಂದ ಬ್ರೆಡ್ ಕದಿಯುವ ಕಾಗೆ, ಹಗ್ಗ ಹಿಡಿದಂತೆ ಬರೀ ನಟಿಸುವ ಹುಡುಗಿ. ಆರು ತಿಂಗಳು ದಿನಾ ಆ ಚಿತ್ರದ ಕೆಳಗೇ ಕೂತು ಕಾಫಿ ಕುಡಿದಿದ್ದೆ. ಒಂದೂ ಕಂಡಿರಲಿಲ್ಲ.

ಈಗ ಬಂದವರಿಗೆ, "ಇಂಗ್ಲೆಂಡಿನ ಮಕ್ಕಳು, ಬರೆದವರು ಯಾರೋ ಗೊತ್ತಿಲ್ಲ," ಎನ್ನುತ್ತೇನೆ. ಅವರು "ಹೌದಾ" ಎಂದು ಮೆಣಸಿನ ರೇಟು ಮಾತಾಡುತ್ತಾರೆ.

"ನೀವು ಸುಳ್ಳು ಹೇಳ್ತಿದ್ದಾಗ್ಲೇ ಚೆನ್ನಾಗಿತ್ತು ಕಣ್ರೀ," ಎನ್ನುತ್ತಾಳೆ ಹೆಂಡತಿ.