ಸ್ಕೇಟಿನ ಅಲಗಿಗೆ ಲಿಂಬೆಹಣ್ಣು

ಆ ಮನುಷ್ಯನಿಗೆ ಎದುರಿನ ಮೂರು ಹಲ್ಲುಗಳಿರಲಿಲ್ಲ. ಊಟಕ್ಕೆ ಕುಳಿತಾಗ ಕಟ್ಟಿಸಿದ ಹಲ್ಲನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೊದಲ ದಿನ ಅದನ್ನು ಕಂಡು ನನಗೆ ಹೇಸಿಗೆಯಾಯಿತು. ದೇವರು ಕ್ಷಮಿಸಲಿ. ಎರಡನೆಯ ಸಲ ಬಂದಾಗ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಬಡಿಸಿದೆ. ಎರಡು ಬಟ್ಟಲು ಉಂಡು, ಮೂರನೆಯದಕ್ಕೆ ಬಟ್ಟಲು ಮುಂದೆ ಮಾಡಿದರು. ಅವತ್ತಿನಿಂದ ಅವರು ನಮ್ಮ ಮನೆಯವರೇ ಆಗಿಬಿಟ್ಟರು.

ನಮ್ಮವರು ಕುವೈತಿನ ಒಂದು ಐಸ್ ರಿಂಕಿನಲ್ಲಿ ಚಿಲ್ಲರ್ ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಹೊರಗೆ ಕಾಗೆ ಬಾಯಿ ತೆರೆದು ಕೂರುವ ಸೆಕೆಯಿದ್ದರೂ ಒಳಗೆ ಮಂಜುಗಡ್ಡೆಯ ನೆಲ ಕರಗದಂತೆ ಕಾಯುವುದು ಅವರ ಹೊಟ್ಟೆಪಾಡು. ಮಕ್ಕಳಿಗೆ ಐಸ್ ಮೇಲಿನ ಹಾಕಿ ಆಟ ಕಲಿಸಲು ಅಲ್ಲಿಗೆ ಬಂದವರು ಈ ಕೋಚ್. ವರ್ಷದಲ್ಲಿ ಅರ್ಧ ಭಾಗ ಹಿಮ ಬೀಳುವ ದೇಶದವರು. ಮಹಬೂಲಾದ ನಮ್ಮ ಕಟ್ಟಡದಲ್ಲೇ, ಎರಡು ಮಾಳಿಗೆ ಕೆಳಗೆ, ಅವರಿಗೊಂದು ಕೋಣೆ ಕೊಟ್ಟಿದ್ದರು. ನಮ್ಮ ಹನ್ನೆರಡು ವರ್ಷದ ಮಗಳು ಅವರ ಬಳಿ ಕಲಿಯಲು ಸೇರಿದಳು. ನೌಕರರ ಮಕ್ಕಳಿಗೆ ಪುಕ್ಕಟೆ, ಅದೂ ದೇವರ ದಯೆಯೇ.

ಆ ಆಟದ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಅವರು ಕೋಲಿನಿಂದ ಹೊಡೆದು ಆಡುವ ಪಕ್ ಎಂಬ ವಸ್ತು ಸುಟ್ಟು ಕರಕಲಾದ ಸಣ್ಣ ಇಡ್ಲಿಯ ಹಾಗೆ ಇರುತ್ತದೆ. ಕೈಯಲ್ಲಿ ಹಿಡಿದರೆ ಮಾತ್ರ ಕಲ್ಲಿನಷ್ಟು ಗಟ್ಟಿ. ಅದು ಬಡಿದೇ ಕೋಚ್ ಹಲ್ಲು ಹೋದದ್ದು.

“ಹದಿನೇಳನೆಯ ವಯಸ್ಸಿಗೆ ಮನೆ ಬಿಟ್ಟೆ” ಎಂದು ಒಮ್ಮೆ ಹೇಳಿದರು. ಅವರ ಇಂಗ್ಲಿಷ್ ನಿಧಾನ, ನನ್ನದು ಅದಕ್ಕಿಂತ ನಿಧಾನ, ಆದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದುತ್ತಿತ್ತು. ಒಂದು ಗಣಿ ಊರಿನ ಕ್ಲಬ್ಬಿಗೆ ಸಂಬಳಕ್ಕೆ ಸೇರಿದರಂತೆ. ಅಲ್ಲಿಂದ ಹದಿನಾಲ್ಕು ಚಳಿಗಾಲ, ಐದು ಕ್ಲಬ್ಬು. ಬಸ್ಸಿನಲ್ಲೇ ನಿದ್ದೆ, ಬಸ್ಸಿನಲ್ಲೇ ಊಟ.

“ಒಟ್ಟು ಎಷ್ಟು ಗೋಲು ಹೊಡೆದ್ರಿ ಕೋಚ್?” ಎಂದು ನಮ್ಮವರು ಕೇಳಿದರು.

ಕೋಚ್ ನಕ್ಕರು. “ಹೇಳಿಕೊಳ್ಳುವಷ್ಟಿಲ್ಲ. ನಾನು ಡಿಫೆಂಡರ್. ಮುಂದೆ ಆಡುವವನು ತಪ್ಪು ಮಾಡುತ್ತಾನೆ. ಆ ತಪ್ಪು ನನ್ನ ಕಡೆಗೆ ಓಡಿ ಬರುತ್ತದೆ. ಅದಕ್ಕೆ ಅಡ್ಡ ನಿಲ್ಲುವುದು ನನ್ನ ಕೆಲಸ.”

“ಹಾಗಾದರೆ ನಿಮ್ಮ ತಪ್ಪಿಗೆ ಯಾರು ಅಡ್ಡ ನಿಲ್ಲುವುದು?” ಎಂದು ನಾನು ಕೇಳಿದೆ.

“ಯಾರೂ ಇಲ್ಲ. ಹಿಂದೆ ಗೋಲು ಕಾಯುವವನು ಒಬ್ಬನೇ.”

ಎದುರಾಳಿ ನುಗ್ಗಿ ಬರುವಾಗ ಡಿಫೆಂಡರ್ ಅವನಿಗೆ ಮುಖ ಕೊಟ್ಟುಕೊಂಡೇ ಹಿಂದಕ್ಕೆ ಜಾರುತ್ತಾ ಹೋಗಬೇಕಂತೆ. ಹಿಂದಕ್ಕೆ ಹೋಗುವುದು ಗೊತ್ತಿಲ್ಲದವನು ಡಿಫೆಂಡರೇ ಅಲ್ಲ ಎಂದು ಮಕ್ಕಳಿಗೆ ದಿನಾ ಹೇಳುತ್ತಿದ್ದರು. ನನ್ನ ಮಗಳು ಅಡುಗೆ ಕೋಣೆಯಲ್ಲೂ ಹಿಂದೆ ಹಿಂದೆ ಬಂದು ನನ್ನ ಹಿಟ್ಟಿನ ಪಾತ್ರೆಗೆ ಡಿಕ್ಕಿ ಹೊಡೆದದ್ದುಂಟು.

ಹದಿನಾಲ್ಕನೆಯ ಚಳಿಗಾಲದಲ್ಲಿ ಯಾರೋ ಅವರನ್ನು ರಿಂಕಿನ ಗೋಡೆಗೆ ಅಪ್ಪಳಿಸಿದರು. ಸೊಂಟದ ಕೀಲು ಹೋಯಿತು. ಆಪರೇಷನ್ ಆಗಿ ಎದ್ದ ಮೇಲೆ ಆಡಲು ಯಾರೂ ಕರೆಯಲಿಲ್ಲ. ಊರಿನ ಮಕ್ಕಳಿಗೆ ಕಲಿಸಿದರು, ಆ ಊರಿನ ರಿಂಕ್ ಮುಚ್ಚಿತು, ಕೊನೆಗೆ ಇಲ್ಲಿಗೆ ಬಂದರು. ಇಲ್ಲಿ ಮಕ್ಕಳಿಗೂ ಕಲಿಸಿ, ಗಂಡಸರ ತಂಡವನ್ನೂ ತಯಾರು ಮಾಡುತ್ತಿದ್ದರು.

ಹೋದ ವರ್ಷ ರಿಂಕಿಗೆ ಹೊಸ ಮ್ಯಾನೇಜರ್ ಬಂದರು. ಕುವೈತಿನವರೇ, ಕೆಲಸದಲ್ಲಿ ಕಟ್ಟುನಿಟ್ಟು. ಕೋಚ್ ಸೀಟಿ ಹಿಡಿದು ಗೋಡೆಗೆ ಒರಗಿ ನಿಲ್ಲುವುದೇ ಹೆಚ್ಚು, ಐಸ್ ಮೇಲೆ ಇಳಿಯುವುದೇ ಕಡಿಮೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಪೂರ್ತಿ ಸುಳ್ಳೂ ಅಲ್ಲ. ಸೊಂಟ ಹಿಡಿದುಕೊಂಡ ದಿನ ಅವರು ಇಳಿಯುತ್ತಿರಲಿಲ್ಲ. ಕೋಚ್ ಇಕಾಮಾ, ಅಂದರೆ ಈ ದೇಶದಲ್ಲಿರಲು ಕೊಡುವ ಪರವಾನಗಿ, ಮುಗಿಯಲು ಮೂರು ವಾರ ಉಳಿದಿತ್ತು. “ಶನಿವಾರ ಬೆಳಿಗ್ಗೆ ನನ್ನೆದುರು ಸ್ಕೇಟ್ ಮಾಡಿ ತೋರಿಸಿ. ಮಾಡಿದರೆ ಇಕಾಮಾ ಹೊಸದು, ಇಲ್ಲದಿದ್ದರೆ ಟಿಕೆಟ್” ಎಂದರು ಮ್ಯಾನೇಜರ್.

ಅವತ್ತು ಕೋಚ್ ಗಂಜಿ ಅರ್ಧಕ್ಕೇ ಬಿಟ್ಟರು. “ಊರಿಗೆ ಹೋದರೆ ಗೋದಾಮಿನಲ್ಲಿ ಭಾರ ಎತ್ತುವ ಕೆಲಸ ಸಿಗಬಹುದು. ಸೊಂಟ ಬಿಡುವುದಿಲ್ಲ. ಐಸ್ ಮೇಲೆ ನಿಲ್ಲುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ ಮೇಡಂ” ಎಂದರು.

ಅವರ ಸ್ಕೇಟ್ ಬೂಟಿನ ನಾಲಿಗೆಯ ಹೊಲಿಗೆ ಬಿಟ್ಟಿತ್ತು. ನಾನು ಹೊಲಿದುಕೊಡುತ್ತೇನೆ ಎಂದು ಗುರುವಾರ ತರಿಸಿಕೊಂಡೆ. ದಬ್ಬಣದಲ್ಲಿ ಮೇಣದ ದಾರ ಪೋಣಿಸಿ, ಕೈ ನೋಯುವವರೆಗೆ ಎಳೆದು ಗಟ್ಟಿ ಮಾಡಿದೆ.

ಮರುದಿನ ಶುಕ್ರವಾರ, ಆಯುಧಪೂಜೆ. ರಜೆಯ ದಿನವೇ ಹಬ್ಬ ಬಂದದ್ದು ನನಗೆ ದೊಡ್ಡ ಸಂತೋಷ. ನಮ್ಮವರ ಸ್ಪ್ಯಾನರ್, ನನ್ನ ಹೊಲಿಗೆ ಯಂತ್ರ, ಮಿಕ್ಸಿ, ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿ ಹೂ ಇಟ್ಟೆ. ಬುಟ್ಟಿಯಲ್ಲಿ ಲಿಂಬೆ ಹಿಡಿದು, ಕಾರಿನ ಪೂಜೆಗೆಂದು ಕೆಳಗೆ ಪಾರ್ಕಿಂಗಿಗೆ ಹೊರಟಾಗ ಕೋಚ್ ಸ್ಕೇಟುಗಳು ಕಣ್ಣಿಗೆ ಬಿದ್ದವು. ಶನಿವಾರದ ಪರೀಕ್ಷೆಗೆ ಇದಕ್ಕಿಂತ ದೊಡ್ಡ ಆಯುಧ ಯಾವುದು? ಅವನ್ನೂ ಎತ್ತಿಕೊಂಡೆ.

ಮಗಳು ಬಾಗಿಲಲ್ಲೇ ಕೇಳಿದಳು, “ಅಮ್ಮಾ, ವೈ ಆರ್ ಯು ಟೇಕಿಂಗ್ ದೋಸ್?”

“ಪೂಜೆಗೆ.”

“ಪ್ಲೀಸ್ ಡೋಂಟ್ ಟಚ್ ದ ಬ್ಲೇಡ್ಸ್.”

“ದೇವರ ಕೆಲಸಕ್ಕೆ ಬಾಯಿ ಹಾಕ್ಬೇಡ, ಚಪ್ಪಲಿ ಹಾಕು, ಬಾ.”

ಕಾರಿನ ನಾಲ್ಕು ಚಕ್ರದಡಿ ಲಿಂಬೆ ಇಟ್ಟೆವು, ನಮ್ಮವರು ಮುಂದಕ್ಕೆ ತೆಗೆದರು. ಮಗಳು ಮುಂದಿನ ಸೀಟಿನಲ್ಲಿ ಹಾಡು ಹಾಕಿಕೊಂಡು ಕೂತಿದ್ದಳು. ಆಗ ನಾನು ಸ್ಕೇಟಿನ ರಬ್ಬರ್ ಕವರ್ ತೆಗೆದು, ಅಲಗಿಗೆ ಕುಂಕುಮ ಹಚ್ಚಿದೆ. ಚಕ್ರವಿಲ್ಲದಿದ್ದರೇನು, ದೃಷ್ಟಿ ತೆಗೆಯಬೇಡವೇ? ಸಿಮೆಂಟಿನ ನೆಲದ ಮೇಲೆ ಲಿಂಬೆ ಇಟ್ಟು, ಅದರ ಮೇಲೆ ಅಲಗನ್ನಿಟ್ಟು, ಎರಡೂ ಕೈಯಿಂದ ಒತ್ತಿ ಮುಂದಕ್ಕೆ ಜಾರಿಸಿದೆ. ಲಿಂಬೆ ಬಿರಿಯಿತು. ಅಲಗು ಸಿಮೆಂಟಿಗೆ ತಾಗಿ ಕರಕರ ಎಂದಿತು. ಇನ್ನೊಂದಕ್ಕೂ ಹಾಗೆಯೇ ಮಾಡಿದೆ. ಕವರ್ ಹಾಕಿ, ಕೈ ಮುಗಿದು, ಚೀಲಕ್ಕೆ ತುಂಬಿ ನಮ್ಮವರ ಕೈಯಲ್ಲಿ ಕಳುಹಿಸಿದೆ. ಆ ಅಲಗಿನ ಅಂಚು ಬರಿನೆಲಕ್ಕೆ ತಾಗಬಾರದು, ತಾಗಿದರೆ ಐಸ್ ಹಿಡಿಯುವುದಿಲ್ಲ, ಅದಕ್ಕೇ ಆ ಕವರ್ ಎಂದು ನನಗೆ ಯಾರು ಹೇಳಿದ್ದರು? ಮಗಳು ಹೇಳಲು ಬಂದಿದ್ದಳು, ನಾನೇ ಬಾಯಿ ಮುಚ್ಚಿಸಿದ್ದೆ.

ಶನಿವಾರ ನಾನೂ ಮಗಳೂ ರಿಂಕಿಗೆ ಹೋಗಿ ಮೆಟ್ಟಿಲಿನ ಮೇಲೆ ಕುಳಿತೆವು. ಶಾಲು ಹೊದ್ದರೂ ನಡುಗುವ ಚಳಿ. ಮ್ಯಾನೇಜರ್ ಗಡಿಯಾರ ನೋಡುತ್ತಾ ಗೇಟಿನ ಬಳಿ ನಿಂತಿದ್ದರು. ಕೋಚ್ ಬೂಟು ಬಿಗಿದುಕೊಂಡು ಬಂದು, ಒರಗಿ ನಿಂತು ಕವರ್ ಎಳೆದರು. ಕುಂಕುಮ ಕಂಡಿತು. ಹೆಬ್ಬೆರಳಿನ ಉಗುರನ್ನು ಅಲಗಿನ ಮೇಲೆ ಎಳೆದು ನೋಡಿದರು. ಆಮೇಲೆ ತಲೆಯೆತ್ತಿ ನನ್ನ ಕಡೆಗೆ ನೋಡಿದರು. ನಾನು ಪೆದ್ದಿ, ಕೈ ಬೀಸಿದೆ. ಅವರೂ ಕೈ ಬೀಸಿ ಐಸಿಗೆ ಇಳಿದರು.

ಮುಂದಕ್ಕೆ ಹೇಗೋ ಹೋದರು. ತಿರುಗಿ ಹಿಂದಕ್ಕೆ ಹೋಗತೊಡಗಿದ್ದೇ, ಎರಡೂ ಕಾಲು ಎಣ್ಣೆ ಬಿದ್ದ ನೆಲದಲ್ಲಿ ಜಾರಿದಂತೆ ಜಾರಿ, ದೊಪ್ಪನೆ ಬಿದ್ದರು. ಎದ್ದರು, ಮತ್ತೆ ಬಿದ್ದರು. ಮೂಳೆ ಮುರಿಯಲಿಲ್ಲ, ಅದೊಂದು ಪುಣ್ಯ.

ಮಗಳು ನನ್ನ ಕೈ ಹಿಡಿದಳು. “ಅಮ್ಮಾ, ಹಿಸ್ ಎಡ್ಜಸ್ ಆರ್ ಗಾನ್. ವಾಟ್ ಡಿಡ್ ಯು ಡೂ?”

ಹೇಳಿದೆ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ನಾನು ಕೆಳಗೆ ಇಳಿಯುವಷ್ಟರಲ್ಲಿ ಮ್ಯಾನೇಜರ್ “ಖಲಾಸ್” ಎಂದು ಫೈಲು ಮುಚ್ಚಿದ್ದರು. ಕೋಚ್ ಬೆಂಚಿನಲ್ಲಿ ಕುಳಿತು, “ಕಾಲು ಸರಿಯಿಲ್ಲ ಸರ್. ಸೊಂಟ” ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದದ್ದೇ ನಾನು ಮ್ಯಾನೇಜರ್ ಕಡೆಗೆ ಹೊರಟೆ. ಗೊತ್ತಿದ್ದೂ ಇಳಿದಿದ್ದರು. ಗೊತ್ತಿದ್ದೂ ತನ್ನ ಕಾಲಿನ ಮೇಲೆ ಹಾಕಿಕೊಳ್ಳುತ್ತಿದ್ದರು.

ನಮ್ಮವರು ಅಡ್ಡ ಬಂದು ಮೆಲ್ಲಗೆ ಹೇಳಿದರು, “ನೀನು ಸುಮ್ಮನಿರು ಮಾರಾಯ್ತಿ. ಚೀಲ ತಂದುಕೊಟ್ಟದ್ದು ನಾನು. ನನ್ನ ಕೆಲಸವೂ ಈ ಮ್ಯಾನೇಜರ್ ಕೈಯಲ್ಲೇ ಉಂಟು.”

“ಗೊತ್ತುಂಟು. ಆದ್ರೂ ಹೇಳದೆ ಇದ್ರೆ ನಾಳೆ ದೇವರ ಎದುರು ದೀಪ ಹೇಗೆ ಹಚ್ಚುದು?”

ಅವರು ದಾರಿ ಬಿಟ್ಟರು. ಅಷ್ಟು ದೊಡ್ಡ ಮನಸ್ಸು ಅವರದು.

ನನಗೆ ಅರಬಿ ಬಾರದು, ನನ್ನ ನಿಧಾನದ ಇಂಗ್ಲಿಷ್ ಈ ಮಾತಿಗೆ ಸಾಲದು. ರಿಂಕಿನ ಕ್ಯಾಂಟೀನಿನವರು ನಮ್ಮ ಮಂಗಳೂರಿನ ಕಡೆಯ ಬ್ಯಾರಿ ಸಾಹೇಬರು, ಅರಬಿ ಬಲ್ಲವರು. ಚಹಾದ ಟ್ರೇ ಹಿಡಿದು ಅಲ್ಲೇ ನಿಂತಿದ್ದರು. “ಸಾಹೇಬ್ರೇ, ನಾನು ಹೇಳಿದ್ದನ್ನು ಸ್ವಲ್ಪ ಇವರಿಗೆ ಹೇಳಿ. ತಪ್ಪು ಕೋಚಿನದ್ದಲ್ಲ, ನನ್ನದು. ಅಲಗನ್ನು ಸಿಮೆಂಟಿಗೆ ಉಜ್ಜಿ ಲಿಂಬೆ ಒಡೆದೆ” ಎಂದೆ.

ಸಾಹೇಬರು ಕಣ್ಣರಳಿಸಿದರು. “ಅಕ್ಕಾ, ಇದನ್ನು ಹೀಗೆಯೇ ಹೇಳ್ಬೇಕಾ? ಸ್ವಲ್ಪ ಒಗ್ಗರಣೆ ಹಾಕಿ ಹೇಳ್ತೇನೆ.”

“ಬೇಡ. ಇದ್ದದ್ದು ಇದ್ದ ಹಾಗೆ ಹೇಳಿ.”

ಹೇಳಿದರು. ಮ್ಯಾನೇಜರ್ ನನ್ನನ್ನೂ ಸ್ಕೇಟನ್ನೂ ನೋಡಿ ಏನೋ ಕೇಳಿದರು.

“ಲಿಂಬೆ ಯಾಕೆ ಅಂತ ಕೇಳ್ತಾರೆ ಅಕ್ಕಾ.”

“ದೃಷ್ಟಿ ಬೀಳಬಾರದು ಅಂತ.”

“ಅದು ಇವರಿಗೆ ಅರ್ಥ ಆಗ್ತದೆ” ಎಂದು ಸಾಹೇಬರು ಅರಬಿಯಲ್ಲಿ ಒಂದೇ ಒಂದು ಶಬ್ದ ಹೇಳಿದರು. ಮ್ಯಾನೇಜರ್ ಮುಖ ಬದಲಾಯಿತು. ತಾನು ಹೊಸ ಕಾರು ತಂದಾಗ ತಾಯಿ ಧೂಪ ಹಿಡಿದು ಸುತ್ತ ತಿರುಗಿ, ಸೀಟಿನ ಬಟ್ಟೆ ಸುಟ್ಟು ತೂತು ಮಾಡಿದರು ಎಂದರಂತೆ. ಸಾಹೇಬರು ಅದನ್ನು ನಗುತ್ತಾ ನಮಗೆ ಹೇಳಿದರು. ಮ್ಯಾನೇಜರ್ ಮಾತ್ರ ನಗಲಿಲ್ಲ. ಕೋಚ್ ಎದುರು ಹೋಗಿ, ಇಂಗ್ಲಿಷಿನಲ್ಲಿ ಕೇಳಿದರು, “ನೀವು ಯಾಕೆ ಹೇಳಲಿಲ್ಲ?”

ಕೋಚ್ ಬೂಟಿನ ದಾರ ಬಿಚ್ಚುತ್ತಾ ಹೇಳಿದರು, “ಇವರು ನನಗಾಗಿ ಪ್ರಾರ್ಥನೆ ಮಾಡಿದ್ದು ಸರ್. ಅದನ್ನು ಹೇಗೆ ದೂರು ಹೇಳುವುದು?”

ಮ್ಯಾನೇಜರ್ ಮುಚ್ಚಿದ ಫೈಲನ್ನು ಮತ್ತೆ ತೆರೆದರು. “ಅಲಗು ಸಾಣೆ ಹಿಡಿಸಿ. ನಾಳೆ ಇದೇ ಹೊತ್ತಿಗೆ.” ಅಷ್ಟು ಹೇಳಿ ಹೋದರು.

ಭಾನುವಾರ ನಾನು ಹೋಗಲಿಲ್ಲ. ಹೋಗುವ ಮುಖವಿರಲಿಲ್ಲ. ಮಗಳನ್ನು ಶಾಲೆಗೆ ಕಳುಹಿಸಿ, ಅಕ್ಕಿ ತೊಳೆದು ಒಲೆಗಿಟ್ಟು, ದೇವರ ಪಟದ ಎದುರು ಕೂತೆ. ಏನನ್ನೂ ಹಚ್ಚಲಿಲ್ಲ, ಒಡೆಯಲಿಲ್ಲ. ಬರಿಗೈಯಲ್ಲಿ ಕೂತು, ಬರಿಬಾಯಲ್ಲಿ ಕೇಳಿಕೊಂಡೆ. ಗಂಜಿ ಕುದಿಯುವಾಗ ಫೋನ್ ಬಂತು. ನಮ್ಮವರು “ಕೇಳು” ಎಂದಷ್ಟೇ ಹೇಳಿ ಫೋನನ್ನು ಐಸಿನ ಕಡೆಗೆ ಹಿಡಿದರು. ಸರ್ರ್, ಸರ್ರ್ ಎಂಬ ಸದ್ದು. ದೂರ ಹೋಗಿ, ಹತ್ತಿರ ಬಂದು, ಮತ್ತೆ ದೂರ. ಎಲ್ಲೂ ನಿಲ್ಲಲಿಲ್ಲ. “ಹಿಂದೆ ಹಿಂದೆಯೇ ಹೋಗ್ತಾ ಇದ್ದಾರೆ” ಎಂದರು ಇವರು. ಒಲೆ ಸಣ್ಣದು ಮಾಡಬೇಕೆಂದು ನೆನಪಾಗುವಷ್ಟರಲ್ಲಿ ಗಂಜಿ ಉಕ್ಕಿ ಹೋಗಿತ್ತು.

ಮಧ್ಯಾಹ್ನ ಕೋಚ್ ಬಂದರು. ಒಂದು ವರ್ಷದ ಇಕಾಮಾ ಆಗುತ್ತದೆ. ಆದರೆ ಗಂಡಸರ ತಂಡ ಬೇರೆಯವರಿಗೆ ಕೊಡುತ್ತಾರೆ. ಇವರಿಗಿನ್ನು ಮಕ್ಕಳು ಮಾತ್ರ. ಹದಿನಾಲ್ಕು ಚಳಿಗಾಲ ಗಂಡಸರ ಜೊತೆ ಗುದ್ದಾಡಿದವರಿಗೆ ಅದು ಸಣ್ಣ ಪೆಟ್ಟಲ್ಲ. ನಾನು ಕ್ಷಮೆ ಕೇಳಿದೆ. “ಲಿಂಬೆಯಿಂದಲ್ಲ ಮೇಡಂ, ಸೊಂಟದಿಂದ. ಅವರು ಸರಿಯಾಗಿಯೇ ನೋಡಿದ್ದಾರೆ” ಎಂದು ಹಲ್ಲು ತೆಗೆದು ಕರವಸ್ತ್ರದಲ್ಲಿ ಸುತ್ತಿದರು. ಒಂದು ಬಟ್ಟಲು ಉಂಡರು. ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು.

“ಇನ್ನು ಮೇಲೆ ಪ್ರಾಕ್ಟೀಸ್ ನಾಲ್ಕು ಗಂಟೆಗೆ. ವಾರಕ್ಕೆ ಐದು ದಿನ” ಎಂದರು ಅವಳಿಗೆ.

“ಫೋರ್? ಬಟ್ ಐ ಹ್ಯಾವ್ ಮ್ಯಾತ್ಸ್ ಟ್ಯೂಷನ್!”

ಅವರಿಬ್ಬರೂ ನನ್ನ ಮುಖ ನೋಡಿದರು. ನಾನು ಕೈ ಒರೆಸಿಕೊಂಡು, ಟ್ಯೂಷನ್ ಟೀಚರಿಗೆ ಫೋನ್ ಮಾಡಲು ಎದ್ದೆ.