ಕಳೆದುಹೋದ ಅರ್ಧ ಸೂಜಿ

ಬಾಹ್ಯಾಕಾಶಕ್ಕೆ ಹೋಗುವ ದೂರದರ್ಶಕಕ್ಕೂ ದರ್ಜಿ ಬೇಕು ಅಂದರೆ ಜನ ನಗುತ್ತಾರೆ. ನಗಲಿ ಬಿಡಿ. ಅಲ್ಲಿ ಬಿಸಿಲು ಬಿದ್ದ ಮಗ್ಗುಲು ಸುಡುತ್ತದೆ, ನೆರಳಿನ ಮಗ್ಗುಲು ಹೆಪ್ಪುಗಟ್ಟುತ್ತದೆ. ಅದಕ್ಕೇ ಹೊಳೆಯುವ ತೆಳು ಹಾಳೆಗಳನ್ನು ಇಪ್ಪತ್ತು ಪದರ ಪೇರಿಸಿ ಯಂತ್ರಕ್ಕೆ ಹೊದಿಕೆ ಹೊದಿಸುತ್ತಾರೆ. ಅದರ ಮೂಲೆ, ಕುತ್ತಿಗೆಗಳನ್ನು ಕೈಯಲ್ಲೇ ಹೊಲಿಯಬೇಕು. ಮೂವತ್ತೊಂದು ವರ್ಷದಿಂದ ಆ ಕೈ ದರ್ಜಿಯಮ್ಮನದು. ಕೈಕೆಳಗೆ ಮೂರು ವರ್ಷದಿಂದ ಕೆಲಸ ಕಲಿಯುತ್ತಿದ್ದವಳು ಸ್ವಂತ ಸೊಸೆ.

ಆ ಹೊಲಿಗೆ ಕೊಠಡಿಯಲ್ಲಿ ಸೂಜಿಗಿರುವ ಮರ್ಯಾದೆ ಮನುಷ್ಯರಿಗಿಲ್ಲ. ಸೂಜಿ ಮುರಿದರೆ ಎರಡೂ ತುಂಡು ಹುಡುಕಿ, ಒಂದು ಚೀಟಿಯ ಮೇಲಿಟ್ಟು, ಟೇಪು ಹಚ್ಚಿ ಕಡತಕ್ಕೆ ಸೇರಿಸಬೇಕು. ಒಂದು ಚೂರು ಒಳಗೆ ಉಳಿದರೂ, ತೂಕವೇ ಇಲ್ಲದ ಆ ಜಾಗದಲ್ಲಿ ತೇಲಿಕೊಂಡು ಹೋಗಿ ಯಾವ ತಂತಿಗೆ ತಾಗೀತೋ ಯಾರಿಗೆ ಗೊತ್ತು. ಅಷ್ಟು ದೂರದಲ್ಲಿ ದೂರದರ್ಶಕ ಕುರುಡಾದರೆ ಯಾರು ಹೋಗಿ ಕನ್ನಡಕ ಹಾಕುತ್ತಾರೆ? ಸೂಜಿ ಕಳೆದರೆ ತಪ್ಪಲ್ಲ, ಹೇಳಿದರೆ ಹುಡುಕುತ್ತಾರೆ. ಮುಚ್ಚಿಟ್ಟರೆ ಮಾತ್ರ ಅವತ್ತೇ ಮನೆಗೆ.

ಯಂತ್ರವನ್ನು ಪೆಟ್ಟಿಗೆಗೆ ಹಾಕಿ ಕಳಿಸುವ ಹಿಂದಿನ ದಿನ ಚೀಟಿಗಳನ್ನೆಲ್ಲ ಕೊನೆಯ ಸಲ ನೋಡಿ ರುಜು ಹಾಕುವುದು ದರ್ಜಿಯಮ್ಮನ ಕೆಲಸ. ನೋಡಿ ಅಂತ ಹೇಳಿದೆನಲ್ಲ, ಅದು ಸುಳ್ಳು. ಎರಡು ವರ್ಷದಿಂದ ಅವಳ ಕಣ್ಣು ಮಂಜಾಗಿತ್ತು. ಯಾರಿಗೂ ಹೇಳಿರಲಿಲ್ಲ, ಬಿಗುಮಾನ. ಟೇಪಿನ ಮೇಲೆ ಹೆಬ್ಬೆಟ್ಟು ಆಡಿಸುತ್ತಿದ್ದಳು. ಒಂದು ತುಂಡು ಮೊಂಡಾಗಿ ಸಿಗಬೇಕು, ಇನ್ನೊಂದು ಚುಚ್ಚಬೇಕು. ಹಾಗೆ ಹತ್ತು ಚೀಟಿ ದಾಟಿತು. ಹನ್ನೊಂದನೆಯದರಲ್ಲಿ ಎರಡೂ ಚುಚ್ಚಲಿಲ್ಲ.

ಮತ್ತೆ ಒತ್ತಿದಳು. ಭೂತಗನ್ನಡಿ ತಂದು, ಕಣ್ಣಿಗೆ ಆನಿಸಿಕೊಂಡು ನೋಡಿದಳು. ಎರಡು ತುಂಡಿಗೂ ದಾರದ ತೂತಿತ್ತು. ಒಂದು ಸೂಜಿಗೆ ಎರಡು ತೂತು ಎಲ್ಲಿಂದ ಬರಬೇಕು? ಹಾಗಾದರೆ ಮೊನೆ ಎಲ್ಲಿ? ಗಾಜಿನ ಆಚೆ ಮಿರಮಿರ ಮಿಂಚುತ್ತ ನಿಂತಿದ್ದ ದೂರದರ್ಶಕದ ಕಡೆ ತಿರುಗಿದಳು.

ಭೂತಗನ್ನಡಿಯನ್ನು ಚೀಟಿಯ ಬರಹದ ಮೇಲೆ ಸರಿಸಿದಳು. ಸೊಸೆಯ ಕೈಬರಹ. ಸಿಟ್ಟು ನೆತ್ತಿಗೇರಿತು. ಸೊಸೆಯನ್ನು ಕೈಹಿಡಿದು ಎಳೆದುಕೊಂಡೇ ಹೋಗಿ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಲ್ಲಿಸಿದಳು.

"ಯಾರ ಸೂಜಿ ಇದು? ನನ್ನ ಹೆಸರಿಗೆ ಮಸಿ ಬಳಿಯೋಕೇ ಬಂದಿದೀಯಾ?"

ಸೊಸೆ ತಲೆ ತಗ್ಗಿಸಿದಳು.

"ನಿಮ್ಮದೇ ಅತ್ತೆ. ಕುತ್ತಿಗೆ ಹೊಲೀತಿದ್ದಾಗ ಮುರೀತು. ತೂತಿನ ತುಂಡು ಕೊಟ್ಟು, ಮೊನೆ ಮೇಜಿನ ಮೇಲಿದೆ, ಅಂಟಿಸು ಅಂದ್ರಿ. ಮೇಜಿನ ಮೇಲೆ ಇರಲಿಲ್ಲ. ನಿಮಗೆ ಕಾಣ್ತಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಹೇಳಿದ್ರೆ ನಿಮ್ಮ ಕಣ್ಣು ಪರೀಕ್ಷೆ ಮಾಡಿಸಿ ಮನೆಗೆ ಕಳಿಸ್ತಿದ್ರು. ಮನೆಯಿಂದ ಒಂದು ಸೂಜಿ ತಂದು ಮುರಿದು ಅಂಟಿಸಿಬಿಟ್ಟೆ. ಯಾರಾದ್ರೂ ಬಂದಾರು ಅನ್ನೋ ಅವಸರದಲ್ಲಿ ಯಾವ ತುಂಡು ಅಂತ ನೋಡಲೇ ಇಲ್ಲ."

ಕೂಗಾಡಲು ಬಂದ ದರ್ಜಿಯಮ್ಮ ಬೆಂಚಿನ ಮೇಲೆ ಕುಸಿದಳು. ಈ ಹುಡುಗಿಗೆ ಮೂರು ವರ್ಷದಲ್ಲಿ ಒಂದು ಒಳ್ಳೆಯ ಮಾತು ಆಡಿದ್ದು ಅವಳಿಗೆ ನೆನಪಿಗೆ ಬರಲಿಲ್ಲ. ಆಮೇಲೆ ಎದ್ದಳು.

"ನೀನು ಉಸಿರೆತ್ತಬೇಡ. ನಾನು ನೋಡ್ಕೋತೀನಿ."

ನೇರ ಮೇಲ್ವಿಚಾರಕನ ಮುಂದೆ ಹೋಗಿ ಚೀಟಿ ಇಟ್ಟಳು. "ಸೂಜಿ ನನ್ನದು. ಮೊನೆ ಒಳಗೇ ಉಳಿದಿದೆ. ಮುಚ್ಚಿಟ್ಟವಳೂ ನಾನೇ."

ಅವನು ಕೂಡಲೇ ಕೆಲಸ ನಿಲ್ಲಿಸಿದ. ಎಕ್ಸ್‌ರೇ ಯಂತ್ರ ತರಿಸಿದ. ಸಂಜೆಗೆ ಮುಂಚೆ ಸಿಕ್ಕಿತು: ಕುತ್ತಿಗೆಯ ಹೊಲಿಗೆಯಲ್ಲಿ, ದೊಡ್ಡ ಕನ್ನಡಿಗೆ ಹೋಗುವ ತಂತಿಯಿಂದ ಒಂದು ಬೆರಳಗಲ ಆಚೆ. ಇಕ್ಕಳದಲ್ಲಿ ಹಿಡಿದು ತೆಗೆದರು.

ಮೇಲ್ವಿಚಾರಕ ವರದಿ ಬರೆಯಲು ಕೂತ. "ಈ ಎರಡನೇ ತುಂಡು ಎಲ್ಲಿಂದ ತಂದಿರಿ?"

"ನಮ್ಮ ಮನೆಯಿಂದ."

"ಚೀಟಿ ನೀವೇ ಬರೆದದ್ದಾ? ಹಾಗಾದರೆ ಏನು ಬರೆದಿದೀರಿ ಓದಿ ಹೇಳಿ."

ದರ್ಜಿಯಮ್ಮ ಚೀಟಿ ಹತ್ತಿರ ಹಿಡಿದಳು, ದೂರ ಹಿಡಿದಳು. ಭೂತಗನ್ನಡಿಯಿಲ್ಲದೆ ಅಕ್ಷರಗಳೆಲ್ಲ ಕಲಸಿಹೋದವು. ಬಾಗಿಲ ಬಳಿಯಿಂದ ಸೊಸೆಯ ದನಿ ಬಂತು.

"ಅದು ನನ್ನ ಬರಹ. ಮುಚ್ಚಿಟ್ಟವಳು ನಾನು."

ಮೇಲ್ವಿಚಾರಕ ಕೈ ಚಾಚಿದ. ಸೊಸೆ ಕೊರಳಲ್ಲಿದ್ದ ಗುರುತಿನ ಚೀಟಿ ಬಿಚ್ಚಿ ಕೊಟ್ಟಳು. ದರ್ಜಿಯಮ್ಮನಿಗೆ ಅವನು ಹೇಳಿದ್ದು ಇಷ್ಟೇ: "ನೀವು ಬಂದು ಹೇಳಿದಿರಿ. ನಿಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ. ಕಣ್ಣು ತೋರಿಸಿಕೊಳ್ಳಿ."

ಕೆಲಸಕ್ಕೇನೂ ತೊಂದರೆ ಇಲ್ಲವಂತೆ. ಆ ಮಾತು ಕಪಾಳಕ್ಕೆ ಹೊಡೆದ ಹಾಗಿತ್ತು. ಬಸ್ಸಿನಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕೂತು ಮನೆಗೆ ಬಂದರು. ಬಾಗಿಲು ತೆಗೆದ ಮಗ ಹೆಂಡತಿಯ ಬರಿಗೊರಳು ನೋಡಿ ಏನಾಯಿತು ಅಂದ.

"ಕೆಲಸ ಬಿಟ್ಟೆ," ಅಂದಳು ಸೊಸೆ, ಚಪ್ಪಲಿ ಬಿಡುತ್ತ.

ದರ್ಜಿಯಮ್ಮ ಹೊಸ್ತಿಲ ಆಚೆಯೇ ನಿಂತಿದ್ದಳು.

"ಅವಳು ಬಿಡಲಿಲ್ಲ ಕಣೋ," ಅಂದಳು. "ನನ್ನ ಜಂಬ ಬಿಡಿಸಿತು."